ಆಗದವರ ಮನೆಯ ಟೀ

ಅವರು ನಮ್ಮ ಆಫೀಸಿಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ, ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಳ್ಳುವುದು. ಗಾಳಿಗಾಗಿ ಅಲ್ಲ. ಹೊರಗೆ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ನಮ್ಮ ಶಾಲೆಯ ಬೆಕ್ಕು ಹತ್ತಿ ಮಲಗಿ ಉಗುರಿನಿಂದ ಕೆರೆಯುತ್ತಿತ್ತು. ಅದನ್ನು ಕಾಯಬೇಕಿತ್ತು. “ಸರ್ಕಾರದ್ದಾಗಿದ್ರೆ ಕೆರ್ಕೊಳ್ಲಿ ಬಿಡು ಅಂತಿದ್ದೆ. ಸ್ವಂತದ್ದು ಮೇಡಮ್ಮೋರೆ” ಎನ್ನುತ್ತಿದ್ದರು. ಆಮೇಲೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಹಸುವಿನ ಫೀಡ್ ಮೂಟೆಯಲ್ಲಿ ಹೊಲಿಸಿಕೊಂಡಿದ್ದ ಕೈಚೀಲದಿಂದ ಕಾಗದಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು.

ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಅವರು. ಸುತ್ತಲಿನ ಊರುಗಳಿಗೆಲ್ಲ ‘ದಫೇದಾರ್ರು’. ನಾನು ನೆಲಮಂಗಲ ದಾಟಿ ಸ್ವಲ್ಪ ಮುಂದೆ, ಹೆದ್ದಾರಿಯ ಸರ್ವಿಸ್ ರಸ್ತೆಯ ಪಕ್ಕದ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತೆ. ಶಾಲೆಯೊಳಗೆ ಕಾಲಿಡುವವರಿಗೆಲ್ಲ ಪೊಲೀಸ್ ವೆರಿಫಿಕೇಶನ್ ಆಗಬೇಕು. ಡ್ರೈವರ್, ಆಯಾ, ವಾಚ್‌ಮನ್, ಡ್ಯಾನ್ಸ್ ಮೇಷ್ಟ್ರು, ಸಂಬಳವಿಲ್ಲದೆ ಶನಿವಾರ ಬಂದು ಮಕ್ಕಳಿಗೆ ಕತೆ ಹೇಳಿ ಹೋಗುವವರು, ಯಾರನ್ನೂ ಬಿಡುವಂತಿಲ್ಲ. ಅರ್ಜಿ ಕಳಿಸುವವಳು ನಾನು, ವಿಚಾರಿಸಿ ವರದಿ ಬರೆಯುವವರು ಅವರು. ಹೀಗೆ ಆರೇಳು ವರ್ಷದ ಪರಿಚಯ. ಈ ಸಲದ ಆಷಾಢದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುತ್ತಿಲ್ಲ. ಮನೆಯವರನ್ನು ಕೇಳಿಲ್ಲ, ಕೇಳುವಷ್ಟು ಹತ್ತಿರದವಳೂ ನಾನಲ್ಲ.

ವೆರಿಫಿಕೇಶನ್ ಎಂದರೆ ಸಾಮಾನ್ಯವಾಗಿ ಹೇಗೆ ನಡೆಯುತ್ತದೆಂದು ನನಗೆ ಗೊತ್ತು. ಸ್ಟೇಷನ್ನಿನಿಂದ ಫೋನು ಬರುತ್ತದೆ. ಆಧಾರ್ ಜೆರಾಕ್ಸು, ಎರಡು ಫೋಟೋ ತನ್ನಿ ಎನ್ನುತ್ತಾರೆ. ನೆರೆಯವರಿಬ್ಬರ ಸಹಿ ಬೇಕು. ಅದನ್ನು ಅರ್ಜಿ ಹಾಕಿದವರೇ ಒಬ್ಬ ಭಾವಮೈದನ ಕೈಲಿ, ಒಬ್ಬ ಸ್ನೇಹಿತನ ಕೈಲಿ ಹಾಕಿಸಿಕೊಂಡು ಹೋಗುತ್ತಾರೆ. ಕಂಪ್ಯೂಟರಿನಲ್ಲಿ ಹೆಸರು ಹೊಡೆದು ನೋಡುತ್ತಾರೆ, ಮುಗಿಯಿತು.

ದಫೇದಾರ್ರು ಊರಿಗೇ ಹೋಗುತ್ತಿದ್ದರು. ಅದೂ ಬೆಳಗಿನ ಡೇರಿಯ ಹೊತ್ತಿಗೆ. ಹಾಲಿನ ಕ್ಯಾನು ಹಿಡಿದು ನಿಂತವರ ಸಾಲಿನ ಪಕ್ಕದಲ್ಲಿ ತಾವೂ ನಿಂತು, ಹಸು ಕರು ಹಾಕಿತೇ, ಹಾಲಿನ ಫ್ಯಾಟ್ ಎಷ್ಟು ಬಂತು ಎಂದೆಲ್ಲ ಮಾತಾಡಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅವ್ರನ್ನ ಕಂಡ್ರೆ ಈ ಊರಲ್ಲಿ ಯಾರಿಗಾಗಲ್ಲ?” ಒಳ್ಳೆಯವನೇ ಕೆಟ್ಟವನೇ ಎಂದು ಕೇಳುತ್ತಿರಲಿಲ್ಲ. ಆಗದವರ ಮನೆ ಯಾವುದೆಂದು ತಿಳಿದುಕೊಂಡು ನೇರವಾಗಿ ಅಲ್ಲಿಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದರು. ಅರ್ಜಿ ಹಾಕಿದವರ ಮನೆಯಲ್ಲಿ ಬರೀ ನೀರು. ಟೀ ಕುಡಿಯುವುದು ಆಗದವರ ಮನೆಯಲ್ಲಿ. ಎರಡನೆಯ ಸಾಕ್ಷಿ ಸಹಿಯನ್ನೂ ಅವರಿಂದಲೇ ಹಾಕಿಸಿಕೊಂಡು ಬರುತ್ತಿದ್ದರು.

“ಆಗೋರು ಒಂದು ಲೋಟ ಟೀಗೆ ನೂರು ಒಳ್ಳೇದು ಹೇಳ್ತಾರೆ. ಆಗದೋನ ಬಾಯಲ್ಲಿ ಒಂದು ಬಂದ್ರೆ ಸಾಕು ನಂಗೆ” ಎನ್ನುವುದು ಅವರ ಲೆಕ್ಕ.

ಒಮ್ಮೆ ನಮ್ಮ ವ್ಯಾನಿಗೆ ಒಬ್ಬ ಡ್ರೈವರ್ ಅರ್ಜಿ ಹಾಕಿದ್ದ. ಊರಿನಲ್ಲಿ ಅವನ ದಾಯಾದಿಯೊಬ್ಬನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ದಫೇದಾರ್ರು ಆ ದಾಯಾದಿಯ ಮನೆಗೆ ಹೋಗಿ ಕೂತರು. ಅವನು ಅರ್ಧ ಗಂಟೆ ಬೈದನಂತೆ. ಬದು ಒತ್ತಿದ, ಮೋಟಾರ್ ವೈರು ಕಿತ್ತ, ಸೊಕ್ಕು, ಅಹಂಕಾರ ಇತ್ಯಾದಿ. ಇವರು ಟೀ ಕುಡಿದು ಮುಗಿಸಿ ಎದ್ದು ನಿಂತಾಗ ಹೇಳಿದನಂತೆ, “ಆರು ವರ್ಷ ಆಯ್ತು ಸ್ವಾಮಿ, ಅವ್ನ ಜೊತೆ ಮಾತಿಲ್ಲ. ಆದ್ರೆ ನಮ್ಮ ಕರು ಬಾವಿಗೆ ಬಿತ್ತಲ್ಲ, ಮೊದ್ಲು ಇಳ್ದೋನು ಅವ್ನೇ. ಮೇಲಕ್ಕೆ ತಂದು ಕೊಟ್ಟು, ಆಗ್ಲೂ ಮಾತಾಡ್ದೆ ಹೋದ ನನ್ಮಗ. ಬರ್ಕಳಿ.” ಆ ಡ್ರೈವರ್ ಇಂದಿಗೂ ನಮ್ಮಲ್ಲಿದ್ದಾನೆ. ಮಾತು ಕಮ್ಮಿ.

ಈ ಪದ್ಧತಿ ಎಲ್ಲಿ ಕಲಿತಿರಿ ಎಂದು ಕೇಳಿದ್ದೆ. ಟ್ರೇನಿಂಗಿನಲ್ಲಿ ಎಂದಾರೇನೋ ಅಂದುಕೊಂಡಿದ್ದೆ. “ನಮ್ಮ ಮಾವನ ಹತ್ರ” ಎಂದರು. ಇವರಿಗೆ ಹೆಣ್ಣು ಕೊಡುವ ಮುಂಚೆ ಮಾವ ವಿಚಾರಿಸಿಕೊಳ್ಳಲು ಇವರ ಊರಿಗೆ ಬಂದಿದ್ದರಂತೆ. ಬಂದವರು ನೆಂಟರ ಮನೆಗೆ ಹೋಗಲಿಲ್ಲ. ಇವರ ತಂದೆಯ ಮೇಲೆ ದಾವೆ ಹಾಕಿದ್ದವನ ಮನೆಗೆ ಹೋಗಿ ಊಟಕ್ಕೇ ಕೂತರು. ಆತ, “ಅಪ್ಪ ಅಯೋಗ್ಯ, ಹುಡ್ಗ ಪರ್ವಾಗಿಲ್ಲ” ಎಂದನಂತೆ. ಮರುದಿನವೇ ತಾಂಬೂಲದ ಮಾತು ಬಂತು. “ಆವತ್ತು ಅವ್ನು ಸುಳ್ಳು ಹೇಳಿದ್ರೆ ನಂಗೆ ಇಷ್ಟೊಳ್ಳೆ ಹೆಂಡ್ತಿ ಸಿಗ್ತಿರ್ಲಿಲ್ಲ” ಎಂದು ಹೇಳುವಾಗ ದಫೇದಾರ್ರು ನಕ್ಕಿದ್ದನ್ನು ನೋಡಿದೆ. ಅವರು ನಗುವುದು ಅಪರೂಪ. ನಕ್ಕರೆ ಮೇಲಿನ ಒಂದು ಹಲ್ಲು ಇಲ್ಲವೆಂದು ತಿಳಿಯುತ್ತಿತ್ತು.

ಅವರನ್ನು ತಬ್ಬಿಬ್ಬು ಮಾಡಿದ್ದು ಹೊಸ ಲೇಔಟಿನ ಒಬ್ಬ ನಿವೃತ್ತ ಅಮ್ಮ. ಮಕ್ಕಳಿಗೆ ಪುಕ್ಕಟೆಯಾಗಿ ಇಂಗ್ಲಿಷ್ ಓದಿಸುತ್ತೇನೆಂದು ಮುಂದೆ ಬಂದಿದ್ದರು. ದಫೇದಾರ್ರು ಎರಡು ಸಲ ಹೋಗಿಬಂದರು. ಎರಡು ಸಲವೂ ಕಾಗದ ಖಾಲಿ.

“ಏನಾಯ್ತು ದಫೇದಾರ್ರೇ?”

“ಆ ಲೇಔಟಲ್ಲಿ ಆಗೋರೂ ಇಲ್ಲ, ಆಗದೋರೂ ಇಲ್ಲ ಮೇಡಮ್ಮೋರೆ. ಪಕ್ಕದ ಮನೆ ಬೆಲ್ ಒತ್ತಿದ್ರೆ, ಆ ಮನೇಲಿ ಜನ ಇದ್ದಾರಾ ಅಂತ ನನ್ನೇ ಕೇಳ್ತಾರೆ. ಜಗಳ ಆಡೋಷ್ಟಾದ್ರೂ ಪರಿಚಯ ಬೇಡ್ವಾ?”

ಮೂರನೆಯ ಸಲ ಹೋದವರು ಗೇಟಿನಿಂದಲೇ ಕೂಗಿಕೊಂಡು ಬಂದರು. “ಸಿಕ್ಕಿದ್ರು! ಕಾರ್ ನಿಲ್ಸೋ ಜಾಗದ್ದು!” ಹಿಂದಿನ ಮನೆಯವರಿಗೂ ಆ ಅಮ್ಮನಿಗೂ ಕಾರು ನಿಲ್ಲಿಸುವ ಜಾಗಕ್ಕೆ ವರ್ಷದಿಂದ ಚೀಟಿ ಬರೆದು ಅಂಟಿಸುವ ಜಗಳವಿತ್ತು. ಆ ಹಿಂದಿನ ಮನೆಯವರೇ, ಹೆಂಗಸು ಮಹಾ ಶಿಸ್ತಿನವಳು, ಮಕ್ಕಳಿಗೆ ಒಳ್ಳೆಯದಾಗುತ್ತದೆ, ನಮಗೆ ಮಾತ್ರ ಸಾಕಾಗಿದೆ ಎಂದು ಸಹಿ ಹಾಕಿಕೊಟ್ಟಿದ್ದರು.

ವರದಿಯ ನಮೂನೆಯ ಬಗ್ಗೆ ಅವರಿಗೊಂದು ತಕರಾರಿತ್ತು. “ಒಳ್ಳೇವ್ನು ಅಂತ ಬರೆಯೋ ಜಾಗನೇ ಇಲ್ಲ ಇದ್ರಲ್ಲಿ. ಕೆಟ್ಟೋನಲ್ಲ ಅಂತ ಬರೀಬೋದು ಅಷ್ಟೆ.” ಆದರೂ ಬರೆಯುವಾಗ ತುಂಬ ನಿಧಾನ. ಒಂದೊಂದು ಅಕ್ಷರಕ್ಕೂ ತಲೆಕಟ್ಟು ಕೊಟ್ಟು, ಸಾಲು ಮುಗಿದ ಮೇಲೆ ಒಮ್ಮೆ ಮೆಲ್ಲಗೆ ಓದಿ, ಆಮೇಲೆ ಮುಂದಿನ ಸಾಲು. ನಾನು ಮಧ್ಯಾಹ್ನದ ಹಾಜರಿ ಪುಸ್ತಕಗಳನ್ನೆಲ್ಲ ಮುಗಿಸುವಷ್ಟರಲ್ಲಿ ಅವರದು ಒಂದು ಪುಟ ಆಗುತ್ತಿತ್ತು.

ಇಷ್ಟು ಹೇಳಿದ್ದು ಗಂಗರತ್ನಳ ವಿಷಯಕ್ಕೆ ಬರಲು.

ಗಂಗರತ್ನ ನಮ್ಮ ವ್ಯಾನಿನ ಆಯಾ. ಶಿವಗಂಗೆಯ ರಸ್ತೆಯ ಕಡೆಯ ಒಂದು ಸಣ್ಣ ಊರಿನವಳು. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿದರೆ ನಲವತ್ತು ಮಕ್ಕಳನ್ನು ಹತ್ತಿಸಿ, ಇಳಿಸಿ, ಅಳುವವರ ಮೂಗು ಒರೆಸಿ, ಯಾರ ನೀರಿನ ಬಾಟಲಿ ಯಾರ ಚೀಲಕ್ಕೆ ಹೋಗಿದೆಯೆಂದು ಹೇಳಬಲ್ಲವಳು. ಬಾಯಿ ಜೋರು. ಅವಳ ಮಗಳು ನಮ್ಮಲ್ಲೇ ಏಳನೆಯ ತರಗತಿ ಓದುತ್ತಿದ್ದಳು. ಅಮ್ಮ ಕೆಲಸದಲ್ಲಿದ್ದರೆ ಮಗಳ ಸೀಟು, ಇಲ್ಲದಿದ್ದರೆ ಇಲ್ಲ. ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ, ಹಳಬರದೂ ಪೊಲೀಸ್ ವರದಿ ಫೈಲಿನಲ್ಲಿರಬೇಕು, ತಪಾಸಣೆಗೆ ಬರುತ್ತಾರೆ ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದರು. ನಾನು ಹಳೆಯ ಹನ್ನೊಂದು ಜನರ ಅರ್ಜಿಯನ್ನು ಒಟ್ಟಿಗೆ ಕಳಿಸಿದೆ. ಗಂಗರತ್ನಳದು ಎಲ್ಲಕ್ಕಿಂತ ಸುಲಭದ್ದು ಎಂದುಕೊಂಡಿದ್ದೆ.

ದಫೇದಾರ್ರು ಅವಳ ಊರಿನ ಡೇರಿಗೆ ಹೋದರು. ಎಂದಿನ ಪ್ರಶ್ನೆ ಕೇಳಿದರು. “ಅವ್ಳ್‌ನ ಕಂಡ್ರೆ ಆಗದೋರು ಯಾರೂ ಇಲ್ಲ ಸ್ವಾಮಿ” ಎಂದರು ಜನ. ಇವರು ಬಿಡಲಿಲ್ಲ. “ಈಗಿಲ್ದಿದ್ರೆ ಹಿಂದೆ?” ಸಾಲಿನಲ್ಲಿದ್ದ ಯಾರೋ, ಹಿಂದೆ ಹನುಮಕ್ಕನ ಮನೆಗೂ ಅವರಿಗೂ ಆಗುತ್ತಿರಲಿಲ್ಲ, ಈಗ ಒಂದಾಗಿದ್ದಾರೆ ಎಂದರು. ಹನುಮಕ್ಕ ಗಂಗರತ್ನಳ ಪಕ್ಕದ ಮನೆಯವಳು. ದಫೇದಾರ್ರು ಅಲ್ಲಿಗೆ ಹೋಗಿ ಜಗಲಿಯ ಮೇಲೆ ಕೂತರು.

ಹನುಮಕ್ಕ ಟೀ ತಂದು ಕೊಟ್ಟು, ಇವರ ಮುಖವನ್ನು ಒಮ್ಮೆ ನೋಡಿ ಗಲ್ಲಕ್ಕೆ ಕೈಯಿಟ್ಟಳಂತೆ.

“ಅಯ್ಯೋ, ನೀವೇ ಅಲ್ವಾ ದಫೇದಾರಪ್ಪ! ತಿಪ್ಪೆ ಜಗಳದ ಕೇಸಲ್ಲಿ ಬಂದಿದ್ದೋರು? ಆಗ ಇಷ್ಟು ಬೆಳ್ಳಗಾಗಿರ್ಲಿಲ್ಲ ತಲೆ.”

ಅಲ್ಲಿಯವರೆಗೆ ಅವರಿಗೆ ನೆನಪೇ ಇರಲಿಲ್ಲ. ಹದಿಮೂರು ವರ್ಷದ ಹಿಂದೆ ಅವರು ಇದೇ ಸ್ಟೇಷನ್ನಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದರು. ಆಮೇಲೆ ದೊಡ್ಡಬಳ್ಳಾಪುರ, ಹೊಸಕೋಟೆ ಎಲ್ಲ ಸುತ್ತಿ ಮತ್ತೆ ಇಲ್ಲಿಗೆ ಬಂದಿದ್ದರು.

ಜಗಳ ದೊಡ್ಡದೇನಲ್ಲ. ಗಂಗರತ್ನಳ ಮನೆಯವರ ತಿಪ್ಪೆ ಮಳೆಗೆ ಹರಡಿ ಹನುಮಕ್ಕನ ಗೋಡೆಗೆ ಬಂದಿತ್ತು. ಮಾತಿಗೆ ಮಾತಾಗಿ, ಗುದ್ದಲಿ ಕಾವು ಬೀಸಿ, ಹನುಮಕ್ಕನ ಗಂಡನ ಹಣೆಗೆ ಎರಡು ಹೊಲಿಗೆ. ಅವನು ಹೋಗಿ ದೂರು ಕೊಟ್ಟ. ನಮ್ಮ ಕಡೆ ದೂರು ಕೊಡುವ ರೀತಿ ಗೊತ್ತಲ್ಲ, ಹೊಡೆದವನೊಬ್ಬನ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ರೇಷನ್ ಕಾರ್ಡು ನೋಡಿಕೊಂಡು ಬರೆಸಿದ ಹಾಗೆ ಆ ಮನೆಯವರನ್ನೆಲ್ಲ ಬರೆಸುತ್ತಾರೆ. ಗಂಡ, ಮೈದುನ, ಅತ್ತೆ, ಸೊಸೆ. ಆ ಸೊಸೆಯೇ ಗಂಗರತ್ನ. ಜಗಳದ ದಿನ ಅವಳು ಊರಿನಲ್ಲೇ ಇರಲಿಲ್ಲ. ಹೆರಿಗೆಯಾಗಿ ಹದಿನೈದು ದಿನ, ತವರಿನಲ್ಲಿ ಬಾಣಂತಿ. ನಮ್ಮ ಶಾಲೆಯಲ್ಲಿ ಓದುತ್ತಿದ್ದ ಆ ಹುಡುಗಿ ಎಷ್ಟು ದೊಡ್ಡವಳೋ ಕೇಸೂ ಅಷ್ಟೇ ದೊಡ್ಡದು.

ಕೇಸು ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಊರಿನ ಹಿರಿಯರು ಎರಡೂ ಮನೆಯವರನ್ನು ಮಾರಮ್ಮನ ಗುಡಿಯ ಮುಂದೆ ಕೂರಿಸಿ ಎಲೆ ಅಡಿಕೆ ಬದಲಾಯಿಸಿಕೊಳ್ಳುವಂತೆ ಮಾಡಿದರು. ಒಟ್ಟಿಗೆ ಊಟವಾಯಿತು. ತಿಪ್ಪೆ ಹಿತ್ತಲಿಗೆ ಹೋಯಿತು. ರಾಜಿಯಾಯಿತಲ್ಲ, ಇನ್ನು ಕೋರ್ಟಿನಲ್ಲೇನು ಕೆಲಸ ಎಂದು ಯಾರೂ ಆ ಕಡೆ ತಲೆ ಹಾಕಲಿಲ್ಲ, ದೂರು ಕೊಟ್ಟವನೂ ಸೇರಿ. ಗುಡಿಯ ಮುಂದೆ ಮುಗಿದದ್ದು ಕೋರ್ಟಿಗೂ ಮುಗಿದ ಹಾಗೇ ಎಂದು ಇಡೀ ಊರು ತಿಳಿದಿತ್ತು. ಕೋರ್ಟು ಕರೆಯಿತು, ಯಾರೂ ಹೋಗಲಿಲ್ಲ. ವಾರಂಟು ಹೊರಟಿತು. ಅದನ್ನು ಜಾರಿ ಮಾಡಲು ಹೋದ ಕಾನ್‌ಸ್ಟೇಬಲ್ ಇವರೇ.

“ಹೋದೆ. ಎರಡೂ ಮನೆಯೋರೂ ಒಂದೇ ಕಣದಲ್ಲಿ ರಾಗಿ ಒಕ್ತಾ ಇದ್ರು” ಎಂದರು ಆ ಸಂಜೆ ನನ್ನ ಆಫೀಸಿನಲ್ಲಿ ಕೂತು. ಆವತ್ತು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡಿರಲಿಲ್ಲ. “ರಾಜಿ ಆಗಿದೆ ಸ್ವಾಮಿ, ಹೆಣ್ಮಕ್ಳನ್ನ ಯಾಕೆ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀರಾ ಅಂದ್ರು. ಈ ಗಂಗರತ್ನ ಕಂಕುಳಲ್ಲಿ ಮಗು ಇಟ್ಕೊಂಡು ಮಜ್ಜಿಗೆ ತಂದ್ಕೊಟ್ಳು. ಕುಡ್ದೆ. ಕುಡ್ದು ಬಂದು, ಆಸಾಮಿಗಳು ಊರಲ್ಲಿ ಪತ್ತೆಯಾಗ್ಲಿಲ್ಲ ಅಂತ ವಾರಂಟಿನ ಬೆನ್ನಿಗೆ ಬರ್ದು ವಾಪಸ್ ಕಳಿಸ್ದೆ. ಒಳ್ಳೇದು ಮಾಡ್ದೆ ಅನ್ಕೊಂಡಿದ್ದೆ.”

ಹನುಮಕ್ಕನ ಮನೆಯಿಂದ ನೇರ ಸ್ಟೇಷನ್ನಿಗೆ ಹೋಗಿ ಹಳೆಯ ಬಾಕಿ ಕೇಸುಗಳ ರಿಜಿಸ್ಟರು ತೆಗೆಸಿ ನೋಡಿದ್ದರು. ಇತ್ತು. ಕೋರ್ಟಿನ ಲೆಕ್ಕದಲ್ಲಿ ಗಂಗರತ್ನ ಹದಿಮೂರು ವರ್ಷದಿಂದ ತಲೆಮರೆಸಿಕೊಂಡ ಆರೋಪಿ. ದಿನಾ ಬೆಳಿಗ್ಗೆ ನಲವತ್ತು ಮಕ್ಕಳ ಜೊತೆ ಸ್ಟೇಷನ್ ಮುಂದೆಯೇ ವ್ಯಾನಿನಲ್ಲಿ ಹೋಗುತ್ತಿದ್ದವಳು. ಅವಳು ಕಾಣೆಯಾಗಿದ್ದಾಳೆ ಎಂದು ಬರೆದದ್ದು ಇವರ ಕೈಬರಹ. ಆಗಲೂ ಅಕ್ಷರಕ್ಕೊಂದು ತಲೆಕಟ್ಟು.

“ಕಂಪ್ಯೂಟರಲ್ಲಿ?” ಎಂದೆ.

“ಇಲ್ಲ. ಹಳೇವು ಕೆಲವು ಏರಿಲ್ಲ.”

ನಾನು ಆಫೀಸಿನ ಬಾಗಿಲು ಮುಂದೆ ಮಾಡಿದೆ. ನಾನು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ಬಿಟ್ಬಿಡಿ ದಫೇದಾರ್ರೇ. ನೀವು ಹನುಮಕ್ಕನ ಮನೆಗೆ ಹೋಗೇ ಇಲ್ಲ ಅನ್ಕೊಳಿ. ಬೇರೆಯೋರಾಗಿದ್ರೆ ಕಂಪ್ಯೂಟರ್ ನೋಡಿ ಏನೂ ಇಲ್ಲ ಅಂತ ಬರ್ದು ಮುಗಿಸ್ತಿದ್ರು. ಅವ್ಳು ಆವತ್ತು ಊರಲ್ಲೇ ಇರ್ಲಿಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಇನ್ನು ನೀವು... ನಿಮಗೆಷ್ಟು ತಿಂಗ್ಳಿದೆ ರಿಟೈರ್ ಆಗಕ್ಕೆ?”

“ಏಳು.”

“ಮತ್ತೆ?”

ಅವರು ಟೋಪಿಯನ್ನು ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಬದಲಾಯಿಸಿದರು. “ವಾರಂಟು ಹಂಗೇ ಇರ್ತದಲ್ಲ ಮೇಡಮ್ಮೋರೆ. ನಾನಿರೋಗಂಟ ಯಾರೂ ಮುಟ್ಟಲ್ಲ. ನಾನು ಹೋದ್ಮೇಲೆ ಹೊಸಬ್ರು ಬರ್ತಾರೆ. ಹಳೇ ವಾರಂಟೆಲ್ಲ ಕ್ಲಿಯರ್ ಮಾಡಿ ಅಂತ ಮೇಲಿಂದ ಒಂದಿನ ಆರ್ಡರ್ ಬರ್ತದೆ. ಪಾಪ ಯಾವನೋ ಹುಡ್ಗ, ಹೆಸ್ರು ಹಿಡ್ಕೊಂಡು ಬಂದು ಇದೇ ಗೇಟಲ್ಲಿ ವ್ಯಾನಿಂದ ಇಳಿಸ್ಕೊಂಡು ಹೋಗ್ತಾನೆ. ಮಕ್ಕಳು ನೋಡ್ತಿರ್ತವೆ. ಅವಳ ಮಗಳೂ ನೋಡ್ತಿರ್ತಾಳೆ.”

ನನಗೆ ಅದು ಹೊಳೆದಿರಲಿಲ್ಲ.

ಗಂಗರತ್ನಳಿಗೆ ಅವರೇ ಹೇಳಿದರು, ಮಾರನೆಯ ದಿನ, ಮಕ್ಕಳೆಲ್ಲ ಒಳಗೆ ಹೋದ ಮೇಲೆ ವ್ಯಾನಿನ ನೆರಳಿನಲ್ಲಿ ನಿಂತು. ನಾನು ಜೊತೆಗಿದ್ದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಬೆಂಕಿಯಾದಳು.

“ನಾನು ಬಾಣಂತಿ ಸ್ವಾಮಿ ಆವಾಗ! ತಲೆಗೆ ಬಟ್ಟೆ ಕಟ್ಕೊಂಡು ಹೊಗೆ ಹಾಕಿಸ್ಕೊಂತಿದ್ದೆ. ಗುದ್ಲಿ ಯಾವ ಕಡೆ ಹಿಡೀತಾರೆ ಅಂತಾನೂ ನೋಡಿಲ್ಲ. ನನ್ ಮೇಲೆ ವಾರಂಟಾ?”

“ಹೂಂ.”

“ನೀವೇ ಅಲ್ವಾ ಮುಗೀತು ಹೋಗ್ರಮ್ಮಾ ಅಂದಿದ್ದು?”

“ನಾನೇ.”

“ಈಗ ನೀವೇ ಅಲ್ವಾ ಕೆದಕಿದ್ದು?”

“ಹೂಂನಮ್ಮ, ನಾನೇ.”

“ನಿಮ್ಮನೆ ಹಾಳಾಗ!” ಎಂದಳು. ಶಾಲೆಯ ಆವರಣದಲ್ಲಿ ಹಾಗೆಲ್ಲ ಮಾತಾಡಬಾರದೆಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ದಫೇದಾರ್ರು ತಲೆ ತಗ್ಗಿಸಿ ಕೇಳಿಸಿಕೊಂಡು, ಯಾವ ವಕೀಲರ ಹತ್ತಿರ ಹೋಗಬೇಕು, ಯಾವ ಕಾಗದ ತರಬೇಕು, ಗಂಡನೂ ಮೈದುನನೂ ಒಟ್ಟಿಗೇ ಬರಬೇಕು ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿ ಹೊರಟರು. ಅತ್ತೆ ಅಷ್ಟರಲ್ಲಿ ಸತ್ತು ಬಹಳ ವರ್ಷವಾಗಿತ್ತು. ಅವಳ ಮರಣಪತ್ರವೂ ಬೇಕಾಯಿತು.

ವಿಷಯ ಕಾರ್ಯದರ್ಶಿಗಳ ಕಿವಿಗೆ ಬಿತ್ತು. ವರದಿ ಬರುವವರೆಗೆ ಗಂಗರತ್ನ ಬರುವುದು ಬೇಡ ಎಂದರು. ಕೇಸು ಇತ್ಯರ್ಥವಾಗಿ ವರದಿ ಬಂದರೆ ನೋಡೋಣ, ದಸರಾ ರಜೆ ಮುಗಿಯುವುದರೊಳಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು. ಅವರದು ತಪ್ಪೆನ್ನಲಾರೆ, ಮಕ್ಕಳ ವಿಚಾರ. ಗಂಗರತ್ನಳ ಬದಲಿಗೆ ಅಡುಗೆ ಮನೆಯ ಸಹಾಯಕಿ ವ್ಯಾನಿಗೆ ಹೋಗತೊಡಗಿದಳು. ಮೊದಲ ವಾರವೇ ಮೂರು ಬಾಟಲಿ, ಒಂದು ಶೂ ಅದಲುಬದಲಾಯಿತು.

ಕೋರ್ಟಿನ ದಿನ ನಾನೂ ಹೋಗಿದ್ದೆ. ಆದೇಶದ ನಕಲು ಸಿಕ್ಕಿದರೆ ತರಲು ಶಾಲೆಯಿಂದ ಕಳಿಸಿದ್ದರು. ಗಂಗರತ್ನ, ಗಂಡ, ಮೈದುನ, ಪಕ್ಕದಲ್ಲಿ ಹನುಮಕ್ಕ, ಅವಳ ಗಂಡ. ಐವರೂ ಒಂದೇ ಆಟೋದಲ್ಲಿ ಬಂದಿದ್ದರು. ಆರೋಪಿಗಳೂ ದೂರುದಾರರೂ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುವುದನ್ನು ನೋಡಿ ವಕೀಲರೇ, “ಒಳಗೆ ಸ್ವಲ್ಪ ದೂರ ದೂರ ನಿಂತ್ಕೊಳ್ರಪ್ಪ” ಎಂದರು.

ವಕೀಲರು ಗಂಗರತ್ನಳಿಗೆ ಹೇಳಿಕೊಟ್ಟಿದ್ದು ಇಷ್ಟು. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳುತ್ತಾರೆ. ಹೊಸಕೋಟೆಯ ಕಡೆ ಕೂಲಿಗೆ ಹೋಗಿದ್ದೆ, ನೋಟಿಸು ಸಿಗಲಿಲ್ಲ, ತಪ್ಪಾಯಿತು ಎನ್ನಬೇಕು. ಎಲ್ಲರೂ ಹೇಳುವುದೇ ಅದು, ದಂಡ ಹಾಕಿ ವಾರಂಟು ವಾಪಸು ತೆಗೆದುಕೊಳ್ಳುತ್ತಾರೆ. ಅಲ್ಲೇ ನಿಂತಿದ್ದ ದಫೇದಾರ್ರು, “ಸುಳ್ಳು ಯಾಕೆ ಸಾರ್? ನಾಲ್ಕು ವರ್ಷದಿಂದ ಇಲ್ಲೇ ಶಾಲೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕವ್ಳೆ. ನಾಳೆ ಅದು ಸಿಕ್ಕಾಕ್ಕೊಂಡ್ರೆ?” ಎಂದರು. ವಕೀಲರು ಅವರನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತು. “ದಫೇದಾರ್ರೇ, ನಿಮ್ಮನ್ನ ಉಳ್ಸಕ್ಕೇ ಕಣ್ರೀ ಇದು. ಅವಳು ಊರಲ್ಲೇ ಇದ್ಳು ಅಂದ್ರೆ ನಿಮ್ ರಿಪೋರ್ಟ್ ಏನಾಗುತ್ತೆ? ಸುಮ್ನೆ ನಿಂತ್ಕೊಳಿ.”

ಕರೆದರು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಂಗಸು. ಕಾಗದ ತಿರುವಿಹಾಕಿ ಕೇಳಿದರು, “ಇಷ್ಟು ವರ್ಷ ಎಲ್ಲಿದ್ರಮ್ಮ?”

ಗಂಗರತ್ನ ವಕೀಲರ ಮುಖ ನೋಡಿದಳು. ವಕೀಲರೇ ಶುರುಮಾಡಿದರು, “ಹೊಸಕೋಟೆ ಕಡೆ ಕೂಲಿಗೆ...”

“ಊರಲ್ಲೇ ಇದ್ರು ಸ್ವಾಮಿ.”

ಹಿಂದಿನ ಗೋಡೆಯ ಕಡೆಯಿಂದ ಬಂತು ಮಾತು. ಗಟ್ಟಿಯಾಗೇನೂ ಇರಲಿಲ್ಲ. ಡೇರಿಯ ಸಾಲಿನಲ್ಲಿ ಮಾತಾಡುವ ಹಾಗೇ ಇತ್ತು.

“ಯಾರು ನೀವು?”

“ವಾರಂಟು ಜಾರಿ ಮಾಡಕ್ಕೆ ಹೋಗಿದ್ದೋನು ನಾನೇ ಸ್ವಾಮಿ. ಇವ್ರು ಸಿಕ್ಕಿದ್ರು. ಮಾತೂ ಆಡಿದ್ರು. ರಾಜಿ ಆಗಿದೆ ಅಂದಿದ್ದಕ್ಕೆ ನಾನು ಪತ್ತೆ ಇಲ್ಲ ಅಂತ ಬರ್ದೆ. ಇವ್ರು ಎಲ್ಲೂ ಓಡೋಗಿಲ್ಲ. ತಪ್ಪು ನಂದು.”

ನ್ಯಾಯಾಧೀಶರು ಮತ್ತೆ ಕಾಗದ ತಿರುವಿ ವಾರಂಟಿನ ಬೆನ್ನು ನೋಡಿದರು. ಆಮೇಲೆ, ಅದನ್ನು ಬರೆದು ಕೊಡುತ್ತೀರಾ ಎಂದು ಕೇಳಿದರು. ಕೊಡುತ್ತೇನೆ ಎಂದರು ಇವರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದರು. ಎಂದಿನ ನಿಧಾನ. ಒಂದು ಸಾಲು ಬರೆದು, ಮೆಲ್ಲಗೆ ಓದಿ, ಇನ್ನೊಂದು ಸಾಲು. ಕೋರ್ಟಿನ ಗುಮಾಸ್ತರು ಎರಡು ಸಲ ಗಡಿಯಾರ ನೋಡಿದರು.

ಆ ದಿನ ವಾರಂಟು ವಾಪಸಾಯಿತು. ಮುಂದಿನ ದಿನಾಂಕಕ್ಕೆ ಹನುಮಕ್ಕನ ಗಂಡ ರಾಜಿಗೆ ಸಹಿ ಹಾಕಿದ, ಕೇಸು ಮುಗಿಯಿತು. ದಸರಾ ರಜೆಗೆ ಇನ್ನೂ ಎರಡು ದಿನವಿರುವಾಗ ದಫೇದಾರ್ರು ವರದಿ ತಂದು ನನ್ನ ಮೇಜಿನ ಮೇಲಿಟ್ಟರು. ಕೇಸು ಇತ್ತು, ರಾಜಿಯಲ್ಲಿ ಮುಗಿದಿದೆ, ಅರ್ಜಿದಾರಳು ಸದರಿ ವಿಳಾಸದಲ್ಲಿ ನಿರಂತರವಾಗಿ ವಾಸವಿದ್ದಾಳೆ, ವಿರುದ್ಧವಾಗಿ ಏನೂ ಕಂಡುಬಂದಿಲ್ಲ. ಕಾರ್ಯದರ್ಶಿಗಳು ‘ಕೇಸು ಇತ್ತು’ ಎಂಬಲ್ಲಿ ಬೆರಳಿಟ್ಟು, “ಇದೊಂದು ಸಾಲು ಇಲ್ದಿದ್ರೆ ಚೆನ್ನಾಗಿತ್ತು” ಎಂದರು. ನಾನು ಕೋರ್ಟಿನಲ್ಲಿ ನೋಡಿದ್ದನ್ನು ಹೇಳಿದೆ. ಮತ್ತೊಮ್ಮೆ ಓದಿ ಸಹಿ ಹಾಕಿದರು. ರಜೆ ಮುಗಿದ ಮೊದಲ ದಿನ ಗಂಗರತ್ನ ವ್ಯಾನು ಹತ್ತಿದಳು. ಮಗಳ ಸೀಟು ಉಳಿಯಿತು.

ದಫೇದಾರ್ರಿಗೆ ನೋಟಿಸು ಬಂತು. ಸುಳ್ಳು ವರದಿ ಕೊಟ್ಟದ್ದಕ್ಕೆ ಇಲಾಖೆಯ ವಿಚಾರಣೆ. ಅದು ನಡೆಯುತ್ತಿರುವಾಗಲೇ ನಿವೃತ್ತಿಯ ದಿನವೂ ಬಂತು. ಜೊತೆಯವರು ಹಾರ ಹಾಕಿ ಫೋಟೋ ತೆಗೆಸಿದರಂತೆ, ಆದರೆ ಪೆನ್ಶನ್ನಿನ ಕಾಗದಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಂದಿಲ್ಲಿಗೆ ಓಡಾಡಿದವು. ಕೊನೆಗೆ ಒಂದು ಛೀಮಾರಿ ಬರೆದು ಬಿಟ್ಟರು. ಶಾಲೆಯಿಂದ ಒಂದು ಪತ್ರ ಬರೆದು ಕೊಡಲೇ ಎಂದು ಕೇಳಿದ್ದೆ. “ಏನಂತ ಬರೀತೀರಾ? ಒಳ್ಳೇವ್ರು ಅಂತಾನಾ? ಬೇಡ ಬಿಡಿ” ಎಂದರು.

ಗಂಗರತ್ನ ಅವರನ್ನು ಕ್ಷಮಿಸಲಿಲ್ಲ. ಇದನ್ನೂ ಹೇಳಬೇಕು. ಕೋರ್ಟಿಗೆ ಹೋಗಿಬಂದದ್ದು ಊರಿಗೆಲ್ಲ ತಿಳಿದು, ಡೇರಿಯ ಮುಂದೆ ಹುಡುಗರು ‘ವಾರಂಟಕ್ಕ’ ಎನ್ನುತ್ತಿದ್ದರಂತೆ. ಮೂರು ವಾರ ಮನೆಯಲ್ಲಿ ಕೂತ ಅವಮಾನ ಬೇರೆ. ವರದಿ ತಂದ ದಿನ ದಫೇದಾರ್ರು ಹೊರಗೆ ನಿಂತಿದ್ದಾಗ, ಮತ್ತೆ ಕೆಲಸಕ್ಕೆ ಸೇರುವ ಕಾಗದಕ್ಕೆ ಸಹಿ ಹಾಕಲು ಬಂದಿದ್ದ ಅವಳು ಎದುರಿಗೇ ಸಿಕ್ಕಿ, ಮುಖ ತಿರುಗಿಸಿ ಹೋದಳು. ನನಗೆ ಮುಜುಗರವಾಯಿತು. ಅವರು ಬೈಕಿನ ಸೀಟಿನ ಮೇಲಿನ ಬೆಕ್ಕನ್ನು ಎಬ್ಬಿಸುತ್ತ, “ಅವ್ಳ ಜಾಗದಲ್ಲಿ ನಾನಿದ್ದಿದ್ರೆ ಇನ್ನೂ ಎರಡು ಜಾಸ್ತಿ ಬೈತಿದ್ದೆ” ಎಂದರು. ಆಮೇಲೆ ಅವರು ಬಂದದ್ದು ಕಡಿಮೆ. ಬಂದಾಗಲೂ ವ್ಯಾನು ಬರುವ ಹೊತ್ತು ತಪ್ಪಿಸಿ ಬರುತ್ತಿದ್ದರು.

ತೀರಿಕೊಂಡ ಸುದ್ದಿ ಹೇಳಿದ್ದು ಜೆರಾಕ್ಸ್ ಅಂಗಡಿಯವರು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಕೊಟ್ಟಿಗೆಯಲ್ಲೇ ಕುಸಿದರಂತೆ. ಆಗ ನನ್ನ ಮೇಜಿನ ಮೇಲೆ ಹೊಸ ಶಾಲಾ ವರ್ಷದ ವೆರಿಫಿಕೇಶನ್ ಅರ್ಜಿಗಳ ಕಟ್ಟು ಇತ್ತು. ಸ್ಟೇಷನ್ನಿನಿಂದ ಹೊಸಬರು ಫೋನ್ ಮಾಡಿ, “ಎಲ್ಲಾ ನಿಮಗೆ ಗೊತ್ತಿರೋರೇ ತಾನೇ ಮೇಡಂ?” ಎಂದು ಕೇಳಿ ಮುಗಿಸಿದ್ದರು.

ಗಂಗರತ್ನಳಿಗೆ ಹೇಳಬೇಕೋ ಬೇಡವೋ ಎಂದು ಒಂದು ದಿನ ಸುಮ್ಮನಿದ್ದೆ. ಮಾರನೆಯ ದಿನ ಮಕ್ಕಳನ್ನು ಇಳಿಸಿ ಒಳಗೆ ಬಂದಾಗ ಹೇಳಿದೆ. ಅವಳು ಮಕ್ಕಳು ಬಿಟ್ಟುಹೋದ ಊಟದ ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನನ್ನ ಕೋರ್ಟು ಮೆಟ್ಲು ಹತ್ತಿಸ್ದ ಪುಣ್ಯಾತ್ಮ” ಎಂದಳು. ಚೀಲಗಳೆಲ್ಲ ಇಟ್ಟಾದ ಮೇಲೆ, “ಹನ್ನೊಂದನೇ ದಿನ ಯಾವತ್ತು?” ಎಂದು ಕೇಳಿದಳು.

“ಮಂಗಳವಾರ.”

“ಮಂಗಳವಾರ ಅರ್ಧ ದಿನ ರಜ ಬೇಕು ಮೇಡಂ. ನಾನೂ ಹನುಮಕ್ಕನೂ ಹೋಗ್ಬರ್ತೀವಿ.”

ನಾನು ಅವಳ ಮುಖ ನೋಡಿದೆ.

“ಹಿಂಗ್ ನೋಡ್ಬೇಡಿ. ದಾರಿಯುದ್ದಕ್ಕೂ ಬೈಕೊಂಡೇ ಹೋಗೋದು.”

ರಜೆ ಪುಸ್ತಕ ತೆಗೆದೆ. ತಿಥಿಗೆ ರಜೆ ಕೊಡುವುದು ಹತ್ತಿರದ ಸಂಬಂಧಿಕರಾದರೆ ಮಾತ್ರ, ನಮ್ಮಲ್ಲಿ ಅದು ನಿಯಮ. ಸಾಮಾನ್ಯವಾಗಿ ಎಲ್ಲರೂ ದೊಡ್ಡಪ್ಪ, ಸೋದರಮಾವ ಎಂದು ಬರೆಸಿಬಿಡುತ್ತಾರೆ, ನಾನೂ ಬರೆದುಬಿಡುತ್ತೇನೆ. ಪೆನ್ನು ಹಿಡಿದು, “ಏನಾಗಬೇಕು ಅಂತ ಬರೀಲಿ?” ಎಂದೆ.

ಗಂಗರತ್ನ ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಏನೂ ಆಗ್ಬೇಕಿಲ್ಲ. ದಫೇದಾರ್ರು ಅಂತ್ಲೇ ಬರೀರಿ” ಎಂದು, ನಾನು ಬರೆದು ಮುಗಿಸುವವರೆಗೂ ಮೇಜಿನ ಪಕ್ಕದಲ್ಲೇ ನಿಂತಿದ್ದು ಸಹಿ ಹಾಕಿದಳು.